ಪ್ರೀತಿಯ ಮಾತಿಗೂ ಹಿಂದುಮುಂದು ಇರುತ್ತದೆ

(ಮೈಸೂರಿನ ಸರಸ್ವತಿಪುರಂನಲ್ಲಿ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಎಳೆದಾಡಿದ ಕಡೆ ಕತ್ತರಿಸಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಚಾಲಕರು ಫೋನ್ ಮಾಡಿ ಈ ಸಲದ ವಿಷಯ ತಿಳಿಸಿದಾಗ ಜೊತೆಗೇ ಒಂದು ಅನುಮಾನವನ್ನೂ ಹೇಳಿದರು. "ವಚನ ಓದಿದ್ದೀವಿ, ದಾಸರ ಪದ ಓದಿದ್ದೀವಿ. ಈ ಕ್ರೈಸ್ತರ ಭಕ್ತಿ ಬರಹ ಸ್ವಲ್ಪ ಸಿಹಿ ಜಾಸ್ತಿ ಅಲ್ವಾ ಮೇಡಂ? ಬರೀ ಪ್ರೀತಿ, ಪ್ರೀತಿ ಅಂತಿರುತ್ತೆ." ಅನುಮಾನ ನ್ಯಾಯವಾದದ್ದೇ. ಇವತ್ತು ನಾನು ಆಡುವುದೆಲ್ಲ ಅದಕ್ಕೆ ಉತ್ತರ ಅಂತಲೇ ಇಟ್ಟುಕೊಳ್ಳಿ.

ನಮ್ಮ ಕಡೆಯವರಿಗೆ ಕ್ರೈಸ್ತ ಭಕ್ತಿ ಹೊಸದೇನಲ್ಲ. ಜೂನ್ 13ಕ್ಕೆ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ. ಮೈಸೂರು, ಮಂಡ್ಯ ಕಡೆಯಿಂದ ಎಲ್ಲ ಧರ್ಮದವರೂ ಹೋಗುತ್ತಾರೆ. ಮಗುವಿನ ಜ್ವರ ಬಿಡಲಿ, ಕಳೆದುಹೋದದ್ದು ಸಿಗಲಿ ಅಂತ ಹರಕೆ ಹೊರುತ್ತಾರೆ. ಇನ್ನು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚ್. 1933ರಲ್ಲಿ ನಾಲ್ವಡಿಯವರೇ ಅದಕ್ಕೆ ಅಡಿಗಲ್ಲು ಹಾಕಿದ್ದು. ಊರು ನೋಡಲು ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗದ ಮೈಸೂರಿನವರು ಯಾರಿದ್ದಾರೆ? ನಮಗೆ ಮೇಣದ ಬತ್ತಿ ಗೊತ್ತು, ಹರಕೆ ಗೊತ್ತು, ಕ್ರಿಸ್‌ಮಸ್ ಕೇಕ್ ಚೆನ್ನಾಗಿಯೇ ಗೊತ್ತು. ಪುಸ್ತಕ ಮಾತ್ರ ಅಷ್ಟಾಗಿ ಗೊತ್ತಿಲ್ಲ. ಪುಸ್ತಕದಿಂದ ಕೈಗೆ ಬರುವುದು ಒಂದೊಂದೇ ಸಾಲು. ಕ್ಯಾಲೆಂಡರಿನಲ್ಲಿ, ಆಟೋ ಹಿಂದೆ, ವಾಟ್ಸಾಪ್‌ನ ಶುಭೋದಯದಲ್ಲಿ. ಗುಲಾಬಿ ಹೂವಿನ ಮೇಲೆ "ದೇವರು ಪ್ರೀತಿಸ್ವರೂಪಿ". ಸಿಹಿ ಜಾಸ್ತಿ ಅನಿಸುವುದು ಅಲ್ಲೇ.

ನನ್ನ ಮಾತು ಇಷ್ಟೇ. ಆ ಸಾಲುಗಳನ್ನು ಯಾರೂ ಆರಾಮಾಗಿ ಕೂತು ಬರೆಯಲಿಲ್ಲ. ಒಂದೊಂದರ ಹಿಂದೆಯೂ ಒಂದು ಜಗಳ ಇದೆ. ತಮ್ಮವರ ಜೊತೆ, ಇಲ್ಲವೇ ದೇವರ ಜೊತೆ, ಇಲ್ಲವೇ ತನ್ನ ಜೊತೆಗೇ. ಜಗಳ ಬಿಟ್ಟು ಸಾಲನ್ನಷ್ಟೇ ಎತ್ತಿಕೊಂಡರೆ ಸಿಹಿ ಮಾತ್ರ ಉಳಿಯುತ್ತದೆ.

ಆ ಪ್ರೀತಿಸ್ವರೂಪಿ ಸಾಲನ್ನೇ ನೋಡೋಣ. ಅದು ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಯೋಹಾನನ ಮೊದಲನೆಯ ಪತ್ರದ್ದು, ನಾಲ್ಕನೇ ಅಧ್ಯಾಯದ 8ನೇ ವಚನ. ಪತ್ರ ಇರುವುದೇ ಐದು ಅಧ್ಯಾಯ. ಸ್ವಲ್ಪ ಹಿಂದಕ್ಕೆ, ಎರಡನೇ ಅಧ್ಯಾಯದ 19ಕ್ಕೆ ಬನ್ನಿ. ಕೆಲವರು ನಮ್ಮನ್ನು ಬಿಟ್ಟು ಹೊರಟುಹೋದರು, ನಿಜವಾಗಿ ನಮ್ಮವರಾಗಿದ್ದರೆ ನಮ್ಮ ಜೊತೆಯಲ್ಲೇ ಇರುತ್ತಿದ್ದರು ಎಂಬ ಅರ್ಥದ ಮಾತಿದೆ. ಅಂದರೆ ಸಭೆ, ಆ ಕ್ರೈಸ್ತ ಸಮುದಾಯ, ಒಡೆದಿದೆ. ಮನೆ ಪಾಲಾದ ಮೇಲೆ ಹಿರಿಯರೊಬ್ಬರು ಉಳಿದವರನ್ನು ಕೂರಿಸಿಕೊಂಡು ಮಾತಾಡಿದ ಹಾಗಿದೆ ಧಾಟಿ. "ಮಕ್ಕಳೇ" ಅಂತ ಮತ್ತೆ ಮತ್ತೆ ಕರೆಯುತ್ತದೆ. ಅದೇ ಬಾಯಿಂದ, ಹೋದವರನ್ನು ಸುಳ್ಳುಗಾರರು, ಕ್ರಿಸ್ತನ ವಿರೋಧಿಗಳು ಅಂತ ಬೈಯುತ್ತದೆ.

ದೇವರು ಪ್ರೀತಿ ಅಂದಮೇಲೆ ಪತ್ರ ಅಲ್ಲಿಗೆ ನಿಲ್ಲುವುದೂ ಇಲ್ಲ. ಹನ್ನೆರಡು ವಚನ ದಾಟಿದರೆ ಇನ್ನೊಂದು ಮಾತು ಬರುತ್ತದೆ. ಕಣ್ಣಿಗೆ ಕಾಣುವ ಸಹೋದರನನ್ನು ದ್ವೇಷಿಸುತ್ತಾ ಕಾಣದ ದೇವರನ್ನು ಪ್ರೀತಿಸುತ್ತೇನೆ ಅನ್ನುವವನು ಸುಳ್ಳುಗಾರ. ಮೂರನೇ ಅಧ್ಯಾಯದಲ್ಲಿ ಇನ್ನೂ ನೇರ. ಕೈಯಲ್ಲಿ ಅನುಕೂಲ ಇಟ್ಟುಕೊಂಡು, ಕೊರತೆಯಲ್ಲಿರುವ ಸಹೋದರನನ್ನು ಕಂಡೂ ಕರಗದಿದ್ದರೆ ನಿನ್ನಲ್ಲಿ ದೇವರ ಪ್ರೀತಿ ಹೇಗೆ ಉಳಿದೀತು ಅಂತ ಕೇಳುತ್ತದೆ. ಗುಲಾಬಿ ಹೂವಿನ ಮೇಲೆ ಈ ವಚನ ಹಾಕಿದ್ದನ್ನು ನಾನಂತೂ ನೋಡಿಲ್ಲ.

ಬಿಟ್ಟುಹೋದವರು ಈಗ ಸಹೋದರರ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ? ಪತ್ರ ಬಾಯಿಬಿಟ್ಟು ಹೇಳುವುದಿಲ್ಲ. ಇಡೀ ಪತ್ರದಲ್ಲಿ ನೋವಿರುವ ಜಾಗ ಅದೇ ಅಂತ ನನಗೆ ಅನಿಸುತ್ತದೆ.

ಇದೇ ಪತ್ರದ ಮೇಲೆ ಶತಮಾನಗಳ ನಂತರ ಅಗಸ್ಟೀನ್ ಹತ್ತು ಪ್ರಸಂಗ, ಅಂದರೆ ಉಪದೇಶ, ಮಾಡಿದ. 354ರಲ್ಲಿ ಹುಟ್ಟಿ 430ರಲ್ಲಿ ಸತ್ತವನು, ಈಗಿನ ಆಲ್ಜೀರಿಯಾದಲ್ಲಿರುವ ಹಿಪ್ಪೋ ಪಟ್ಟಣದ ಬಿಷಪ್. ಏಳನೇ ಪ್ರಸಂಗದಲ್ಲಿ ಇನ್ನೊಂದು ಪೋಸ್ಟರ್ ಸಾಲು ಹುಟ್ಟಿತು: ಪ್ರೀತಿಸು, ಆಮೇಲೆ ನಿನಗೆ ಬೇಕಾದ್ದು ಮಾಡು. ಯೌವನದಲ್ಲಿ ಯಾರಿಗಾದರೂ ಹಿಡಿಸುವ ಮಾತು, ನನಗೂ ಹಿಡಿಸಿತ್ತು. ಆದರೆ ಅದರ ಹಿಂದೆ ಆತ ಕೊಡುವ ಉದಾಹರಣೆ ನೋಡಿ. ಅಪ್ಪ ಮಗನಿಗೆ ಹೊಡೆಯುತ್ತಾನೆ, ಮಕ್ಕಳ ಕಳ್ಳ ಮುದ್ದು ಮಾಡುತ್ತಾನೆ. ಹೊರಗಿನಿಂದ ಕಂಡದ್ದನ್ನೇ ನಂಬಬೇಡಿ, ಬೇರಿನಲ್ಲಿ ಪ್ರೀತಿ ಇದೆಯಾ ನೋಡಿ ಅನ್ನುತ್ತಾನೆ. ಸುಮ್ಮನಿರುವುದಾದರೂ ಪ್ರೀತಿಯಿಂದ ಸುಮ್ಮನಿರು, ಗದರುವುದಾದರೂ ಪ್ರೀತಿಯಿಂದ ಗದರು.

ಇದನ್ನು ಹೇಳುವ ಹೊತ್ತಿಗೆ ಉತ್ತರ ಆಫ್ರಿಕಾದ ಸಭೆ ಎರಡು ಹೋಳಾಗಿತ್ತು. ಹಿಂದೆ ಚಕ್ರವರ್ತಿ ಡಯೊಕ್ಲೀಶಿಯನ್ ಕಿರುಕುಳ ಕೊಟ್ಟಾಗ ಧರ್ಮಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿಬಿಟ್ಟ ಗುರುಗಳಿದ್ದರು. ಅಂಥವರ ಕೈಯಿಂದ ಬಂದ ಬಿಷಪ್ ಪಟ್ಟ ನಡೆಯುತ್ತದೆಯೇ ಅನ್ನುವುದರಿಂದ ಹತ್ತಿಕೊಂಡ ಜಗಳ. ಬೇರೆಯಾದ ಗುಂಪಿನವರಿಗೆ ಡೊನಾಟಿಸ್ಟರು ಅಂತ ಹೆಸರು. ಅವರನ್ನು ಮಾತಿನಿಂದಲೇ ಒಲಿಸಬೇಕು ಅನ್ನುತ್ತಿದ್ದ ಅಗಸ್ಟೀನ್, 408ರ ಹೊತ್ತಿಗೆ ಬರೆದ ಒಂದು ಪತ್ರದಲ್ಲಿ ಮನಸ್ಸು ಬದಲಾಯಿಸಿದ್ದನ್ನು ತಾನೇ ಹೇಳುತ್ತಾನೆ. ಸರ್ಕಾರದ ಕಾನೂನು, ದಂಡ ಉಪಯೋಗಿಸಿ ಕರೆತರುವುದೂ ಸರಿ ಅನ್ನುತ್ತಾನೆ. ಪ್ರೀತಿಯ ಸಾಲಿನ ಪಕ್ಕದಲ್ಲೇ ಬೆತ್ತ ಇದೆ.

"ನಿನ್ನ ಒಳ್ಳೇದಕ್ಕೇ ಹೊಡೀತಿರೋದು" ಅನ್ನುವ ಮಾತನ್ನು ಕೇಳದೆ ಬೆಳೆದವರು ಈ ಹಾಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಹಾಗಂತ ಅಗಸ್ಟೀನನನ್ನು ಓದಬೇಡಿ ಅಂತಲ್ಲ. ಪ್ರೀತಿಯ ಹೆಸರಿನಲ್ಲಿ ಏನೇನು ನಡೆಯುತ್ತದೆ ಅನ್ನುವುದಕ್ಕೆ ಆತನ ಬರಹವೇ ಸಾಕ್ಷಿ, ಹಾಗಾಗಿ ಎರಡು ಸಲ ಓದಿ ಅಂತ.

ಈಗ ನನಗೆ ಎಲ್ಲರಿಗಿಂತ ಹತ್ತಿರದವಳಾದ ಜೂಲಿಯನ್. ಇಂಗ್ಲೆಂಡಿನ ನಾರಿಚ್ ಊರಿನವಳು. ಇಂಗ್ಲಿಷಿನಲ್ಲಿ ಹೆಂಗಸು ಬರೆದದ್ದು ಅಂತ ನಮಗೆ ತಿಳಿದಿರುವ ಪುಸ್ತಕಗಳಲ್ಲಿ ಮೊದಲನೆಯದು ಈಕೆಯದು. ಈಕೆಗೆ ಆರೇಳು ವರ್ಷ ಇದ್ದಾಗ, 1349ರಲ್ಲಿ, ಆ ಊರಿಗೆ ಪ್ಲೇಗ್ ಬಂತು. ಆಮೇಲೂ ಮತ್ತೆ ಮತ್ತೆ ಬಂತು. 1373ರ ಮೇ ತಿಂಗಳಲ್ಲಿ, ಮೂವತ್ತೂವರೆ ವಯಸ್ಸಿನಲ್ಲಿ, ಈಕೆಯೇ ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಬಂದಳು. ಗುರುಗಳು ಬಂದು ಕಣ್ಣೆದುರಿಗೆ ಶಿಲುಬೆ ಹಿಡಿದರು. ಆಗ ಒಂದರ ಹಿಂದೊಂದು ಹದಿನಾರು ದರ್ಶನ ಆದವು. ಬದುಕಿಕೊಂಡಳು. ಆಮೇಲೆ ಅದನ್ನು ಎರಡು ಸಲ ಬರೆದಳು. ಮೊದಲನೆಯದು ಚಿಕ್ಕದು. ಎರಡನೆಯದು ಬಹಳ ವರ್ಷಗಳ ನಂತರದ್ದು, ಅದು ದೊಡ್ಡದು.

ಚಿಕ್ಕ ಬರಹದಲ್ಲಿ ಒಂದು ವಿವರ ಇದೆ. ಹಾಸಿಗೆಯ ಸುತ್ತ ನಿಂತವರಲ್ಲಿ ಈಕೆಯ ತಾಯಿಯೂ ಇದ್ದಳು. ಮಗಳ ಜೀವ ಹೋಯಿತು ಅಂದುಕೊಂಡು ಕಣ್ಣು ಮುಚ್ಚಲು ಕೈ ಚಾಚಿದಳು. ಜೂಲಿಯನ್‌ಗೆ ಸಂಕಟ ಆಯಿತು. ಸಾವಿನ ಸಂಕಟ ಅಲ್ಲ, ಅಮ್ಮನ ಕೈ ಅಡ್ಡ ಬಂದು ಶಿಲುಬೆ ಕಾಣದೆ ಹೋಗುತ್ತದಲ್ಲ ಅಂತ! ದೊಡ್ಡ ಬರಹದಲ್ಲಿ ಈ ತಾಯಿ ಇಲ್ಲ, ತೆಗೆದುಬಿಟ್ಟಿದ್ದಾಳೆ. ಆದರೆ ಅದೇ ದೊಡ್ಡ ಬರಹದಲ್ಲಿ ಯೇಸುವನ್ನೇ ತಾಯಿ ಅಂತ ಕರೆದು ಪುಟಗಟ್ಟಲೆ ಬರೆದಿದ್ದಾಳೆ. ಆ ಅಮ್ಮನ ಕೈ ಅಲ್ಲಿಗೆ ಹೋಗಿ ಸೇರಿತೇನೋ ಅಂತ ನನ್ನ ಊಹೆ. ಊಹೆ ಅಷ್ಟೇ, ಪರೀಕ್ಷೆಯಲ್ಲಿ ಬರೆಯಬೇಡಿ.

ಈಕೆಯ ಪೋಸ್ಟರ್ ಸಾಲು ನಿಮಗೂ ಬಂದಿರುತ್ತದೆ: ಎಲ್ಲವೂ ಒಳ್ಳೆಯದಾಗುತ್ತದೆ, ಎಲ್ಲ ಬಗೆಯದೂ ಒಳ್ಳೆಯದಾಗುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಕಳಿಸುತ್ತಾರೆ. ಪುಸ್ತಕದಲ್ಲಿ ಇದು ಬರುವುದು 27ನೇ ಅಧ್ಯಾಯದಲ್ಲಿ, ಒಂದು ತಕರಾರಿಗೆ ಉತ್ತರವಾಗಿ. ದೇವರು ಅಷ್ಟು ಬಲ್ಲವನಾದರೆ ಪಾಪ ಶುರುವಾಗುವುದನ್ನೇ ಯಾಕೆ ತಡೆಯಲಿಲ್ಲ, ತಡೆದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತಲ್ಲ ಅಂತ ಈಕೆಯ ಪ್ರಶ್ನೆ. ಎಲ್ಲ ಒಳ್ಳೆಯದಾಗುತ್ತದೆ ಅನ್ನುತ್ತಾನೆ ಯೇಸು. ಇವಳು ಸುಮ್ಮನಾದಳಾ? ಇಲ್ಲ. ಎರಡು ಅಧ್ಯಾಯ ಆದಮೇಲೆ ಮತ್ತೆ ಶುರು. ನಿನ್ನ ಜೀವಗಳಿಗೆ ಇಷ್ಟು ದೊಡ್ಡ ಪೆಟ್ಟು ಬಿದ್ದಿರುವಾಗ ಎಲ್ಲ ಹೇಗೆ ಒಳ್ಳೆಯದಾಗುತ್ತೆ ಸ್ವಾಮಿ? ಇನ್ನೂ ಸ್ವಲ್ಪ ಮುಂದೆ ಹೋಗಿ, ನರಕಕ್ಕೆ ಹೋಗುವವರಿದ್ದಾರೆ ಅಂತ ಸಭೆ ಕಲಿಸುತ್ತದಲ್ಲ, ಅದು ನಿಜವಾದರೆ ಇದು ಸಾಧ್ಯವೇ ಇಲ್ಲವಲ್ಲ ಅನ್ನುತ್ತಾಳೆ. ನಿನಗೆ ಅಸಾಧ್ಯವಾದದ್ದು ನನಗೆ ಅಸಾಧ್ಯವಲ್ಲ ಅನ್ನುವ ಉತ್ತರ ಬರುತ್ತದೆ. ಆ ಉತ್ತರವನ್ನು ಗೌರವದಿಂದಲೇ ತೆಗೆದುಕೊಳ್ಳುತ್ತಾಳೆ, ಆದರೆ ಪ್ರಶ್ನೆಯನ್ನು ಅಳಿಸುವುದಿಲ್ಲ. ಪುಸ್ತಕದಲ್ಲಿ ಎರಡೂ ಅಕ್ಕಪಕ್ಕ ಇವೆ.

ಒಂದು ದರ್ಶನ ಮಾತ್ರ ಈಕೆಗೆ ಬಹಳ ಕಾಲ ಅರ್ಥವಾಗಲಿಲ್ಲ. ಅದು ಚಿಕ್ಕ ಬರಹದಲ್ಲಿ ಇಲ್ಲವೇ ಇಲ್ಲ. ದೊಡ್ಡದರ 51ನೇ ಅಧ್ಯಾಯದಲ್ಲಿ ಬರುತ್ತದೆ. ಒಬ್ಬ ಒಡೆಯ ಕೂತಿದ್ದಾನೆ. ಆಳು ಎದುರಿಗೆ ನಿಂತಿದ್ದಾನೆ. ಒಡೆಯ ಒಂದು ಕೆಲಸಕ್ಕೆ ಕಳಿಸುತ್ತಾನೆ. ಆಳಿಗೆ ಒಡೆಯನ ಮೇಲೆ ಎಷ್ಟು ಪ್ರೀತಿ ಅಂದರೆ ನಡೆಯುವುದಿಲ್ಲ, ಓಡುತ್ತಾನೆ. ಓಡಿದವನು ಹಳ್ಳಕ್ಕೆ ಬೀಳುತ್ತಾನೆ. ಮೈಯೆಲ್ಲ ಪೆಟ್ಟು. ನರಳುತ್ತಾನೆ, ಏಳಲಾಗುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ನೋವು ಯಾವುದು ಅಂತ ಜೂಲಿಯನ್ ಹೇಳುತ್ತಾಳೆ: ಒಡೆಯ ಹತ್ತಿರದಲ್ಲೇ ಇದ್ದಾನೆ, ಆದರೆ ಬಿದ್ದವನಿಗೆ ಮುಖ ತಿರುಗಿಸಿ ನೋಡಲು ಆಗುತ್ತಿಲ್ಲ. ಒಡೆಯನ ಮುಖದಲ್ಲಿ ಕೋಪ ಇದೆಯಾ ಅಂತ ಈಕೆ ಹುಡುಕಿ ಹುಡುಕಿ ನೋಡುತ್ತಾಳೆ. ಎಲ್ಲೂ ಇಲ್ಲ. ಬಿದ್ದದ್ದಕ್ಕೆ ಕಾರಣ ಅವನ ಒಳ್ಳೆಯ ಮನಸ್ಸೇ.

ಇದು ಬೈಬಲಿನ ಮೊದಲ ಮನುಷ್ಯ ಆದಮನ ಕಥೆ ಅಂತ ಗೊತ್ತಾಗುತ್ತದೆ. ಆದರೆ ಇವಳು ಕಲಿತ ಪಾಠದಲ್ಲಿ ಆದಮ ತಪ್ಪಿತಸ್ಥ, ದೇವರಿಗೆ ಕೋಪ. ಕಂಡದ್ದು ಮಾತ್ರ ಬೇರೆ. ಎರಡನ್ನೂ ಬಿಡಲು ಮನಸ್ಸಿಲ್ಲ. ಒಳಗೆ ತಿಳಿವು ಬಂದದ್ದು ಮೂರು ತಿಂಗಳು ಕಡಿಮೆ ಇಪ್ಪತ್ತು ವರ್ಷ ಆದಮೇಲೆ ಅಂತ ಲೆಕ್ಕ ಕೊಡುತ್ತಾಳೆ. ಆಗ ಬಂದ ಸೂಚನೆ ಏನು ಗೊತ್ತಾ? ಕಂಡದ್ದರ ಸಣ್ಣಪುಟ್ಟ ವಿವರಗಳನ್ನೂ ಗಮನಿಸು ಅಂತ. ಒಡೆಯ ಎಲ್ಲಿ ಕೂತಿದ್ದ, ಬಟ್ಟೆ ಯಾವ ಬಣ್ಣ, ಆಳಿನ ಅಂಗಿ ಎಷ್ಟು ಹಳೆಯದು, ಹೇಗೆ ನಿಂತಿದ್ದ. ತನ್ನ ದರ್ಶನವನ್ನೇ ಒಂದು ಪಠ್ಯದ ಹಾಗೆ ಕೂತು ಓದುತ್ತಾಳೆ ಈ ಹೆಂಗಸು. ಎಂ.ಎ. ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿ ಸೋತ ಪಾಠ ಇದು.

ಪುಸ್ತಕದ ಕೊನೆಯಲ್ಲಿ, ಇದರ ಅರ್ಥ ಏನು ಅಂತ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಕೇಳಿದ ಮೇಲೆ ಸಿಕ್ಕ ಉತ್ತರ ಇದೆ. ಪ್ರೀತಿಯೇ ಅದರ ಅರ್ಥವಾಗಿತ್ತು. ಇದೂ ಪೋಸ್ಟರಿಗೆ ಹೋಗಿದೆ. ಹದಿನೈದು ವರ್ಷ ಮಾತ್ರ ಹೋಗಿಲ್ಲ.

ಬ್ರದರ್ ಲಾರೆನ್ಸ್ ವಿಷಯಕ್ಕೆ ಬರುತ್ತೇನೆ. ಫ್ರಾನ್ಸಿನವನು, ಹದಿನೇಳನೇ ಶತಮಾನ, 1691ರಲ್ಲಿ ತೀರಿಕೊಂಡ. ಮೊದಲು ಸಿಪಾಯಿಯಾಗಿದ್ದ, ಆಮೇಲೆ ದೊಡ್ಡವರೊಬ್ಬರ ಮನೆಯಲ್ಲಿ ಆಳಾಗಿದ್ದ. ಮುಟ್ಟಿದ್ದನ್ನೆಲ್ಲ ಒಡೆಯುತ್ತಿದ್ದ ಮೊದ್ದು ನಾನು ಅಂತ ಅವನೇ ಹೇಳಿಕೊಂಡಿದ್ದಾನೆ. ಪ್ಯಾರಿಸ್ಸಿನ ಮಠಕ್ಕೆ ಸೇರಿದರೆ ತನ್ನ ಮೊದ್ದುತನಕ್ಕೆ ಸರಿಯಾಗಿ ಅನುಭವಿಸಬೇಕಾಗುತ್ತದೆ ಅಂದುಕೊಂಡಿದ್ದನಂತೆ. ದೇವರು ನನ್ನ ಲೆಕ್ಕ ತಪ್ಪಿಸಿಬಿಟ್ಟ, ಇಲ್ಲಿ ಸುಖವೇ ಸಿಕ್ಕಿತು ಅಂತ ನಗುತ್ತಾನೆ. ಅವನಿಗೆ ಕೊಟ್ಟದ್ದು ಅಡುಗೆಮನೆ ಕೆಲಸ. ಅದು ಅವನಿಗೆ ಸ್ವಲ್ಪವೂ ಇಷ್ಟವಿಲ್ಲದ ಕೆಲಸ. ಹದಿನೈದು ವರ್ಷ ಮಾಡಿದ. ಬಾಣಲೆಯಲ್ಲಿ ಆಮ್ಲೆಟ್ ತಿರುವಿ ಹಾಕುವುದೂ ದೇವರ ಮೇಲಿನ ಪ್ರೀತಿಗೇ ಅನ್ನುತ್ತಿದ್ದ. ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ಬಾರದು, ಕಾಲು ಬೇರೆ ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಬೇಕಾಯಿತು. ಇದು ನಿನ್ನ ಕೆಲಸ ಅಂತ ದೇವರಿಗೆ ಹೇಳಿದೆ, ಹೇಗೋ ಆಯಿತು ಅನ್ನುತ್ತಾನೆ.

ಇಷ್ಟಕ್ಕೇ ನಿಂತರೆ ಲಾರೆನ್ಸ್ ಮುದ್ದಾದ ಅಡುಗೆ ಭಟ್ಟ ಆಗಿಬಿಡುತ್ತಾನೆ. ಆದರೆ ಇದೇ ಮನುಷ್ಯ ನಾಲ್ಕು ವರ್ಷ ತಾನು ನರಕಕ್ಕೇ ಹೋಗುವವನು ಅಂತ ಗಟ್ಟಿಯಾಗಿ ನಂಬಿದ್ದ. ಯಾರು ಎಷ್ಟು ಹೇಳಿದರೂ ಆ ನಂಬಿಕೆ ಹೋಗಲಿಲ್ಲ. ಕೊನೆಗೆ, ನರಕವೋ ಸ್ವರ್ಗವೋ ಏನಾದರಾಗಲಿ, ಇರುವಷ್ಟು ದಿನ ದೇವರ ಮೇಲಿನ ಪ್ರೀತಿಗೇ ಕೆಲಸ ಮಾಡುತ್ತೇನೆ ಅಂತ ತೀರ್ಮಾನಿಸಿದ. ಆಮ್ಲೆಟ್ ಹಿಂದೆ ಈ ತೀರ್ಮಾನ ಇದೆ.

ನಮ್ಮಲ್ಲಿ "ಕಾಯಕವೇ ಕೈಲಾಸ" ಅನ್ನುವುದಕ್ಕೂ ಹೀಗೇ ಆಗಿದೆ ನೋಡಿ. ಆಫೀಸಿನ ಗೋಡೆ ಮೇಲೆ ಬರೆಸಿ, ಅದರ ಕೆಳಗೆ ಕೂತು ಫೈಲ್ ಮುಚ್ಚಿಡುತ್ತಾರೆ. ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಅದರ ಹಿಂದೆ ಏನಿದೆ? ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗೆ ನಿಂತಿದ್ದರೂ ಹಂಗು ಹರಿಯಬೇಕು ಅಂತಿದೆ. ಎಷ್ಟು ಧೈರ್ಯದ ಮಾತು! ಗೋಡೆಗೆ ಬಂದದ್ದು ಎರಡೇ ಪದ. ವಚನ ಓದಿ ಅಭ್ಯಾಸ ಇರುವ ನಿಮಗೆ ಲಾರೆನ್ಸ್ ಹೊಸಬನಲ್ಲ.

ಫ್ರಾನ್ಸಿನ ಸನ್ಯಾಸಿ ಬರ್ನಾರ್ಡನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹನ್ನೆರಡನೇ ಶತಮಾನದವನು, ಬಸವಣ್ಣನವರ ಕಾಲದವನೇ. ಪ್ರೀತಿಗೆ ನಾಲ್ಕು ಮೆಟ್ಟಿಲು ಹೇಳಿದ. ನನ್ನನ್ನು ನನಗಾಗಿ ಪ್ರೀತಿಸುವುದು, ದೇವರನ್ನು ನನಗಾಗಿ ಪ್ರೀತಿಸುವುದು, ದೇವರನ್ನು ದೇವರಿಗಾಗಿಯೇ ಪ್ರೀತಿಸುವುದು. ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ನಾಲ್ಕನೆಯದು, ನನ್ನನ್ನು ದೇವರಿಗಾಗಿ ಪ್ರೀತಿಸುವುದು! ಇಷ್ಟು ಸೊಗಸಾಗಿ ಬರೆದವನೇ 1146ರಲ್ಲಿ ಊರೂರು ತಿರುಗಿ ಎರಡನೇ ಕ್ರೂಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಜನ ಸೇರಿಸಿದ. ಆ ಯುದ್ಧ ಸೋತು ಮಣ್ಣಾಯಿತು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಓದುವುದು ಕಷ್ಟ. ನನಗೆ ಇನ್ನೂ ಕಷ್ಟವೇ.

ಕೊನೆಗೆ ಪುಟ್ಟ ತೆರೇಸಾ. ಫ್ರಾನ್ಸಿನ ಲಿಸಿಯೂ ಊರಿನವಳು. ಹದಿನೈದಕ್ಕೆ ಕಾನ್ವೆಂಟ್, ಅಂದರೆ ಸನ್ಯಾಸಿನಿಯರ ಮಠ, ಸೇರಿ, ಇಪ್ಪತ್ತನಾಲ್ಕಕ್ಕೆ, 1897ರಲ್ಲಿ, ಕ್ಷಯದಿಂದ ಸತ್ತಳು. ಕೈಯಲ್ಲಿ ಗುಲಾಬಿ ಹಿಡಿದ ಪಟ ಎಷ್ಟೋ ಮನೆಗಳಲ್ಲಿದೆ. ಸಿಹಿಯ ಆಪಾದನೆ ಎಲ್ಲರಿಗಿಂತ ಜಾಸ್ತಿ ಬರುವುದು ಈಕೆಯ ಮೇಲೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. 1898ರಲ್ಲಿ ಆಕೆಯ ಬರಹ ಅಚ್ಚಾದಾಗ ಅದೇ ಕಾನ್ವೆಂಟಿನಲ್ಲಿದ್ದ ಅಕ್ಕ ಅದನ್ನು ಸಾಕಷ್ಟು ತಿದ್ದಿದ್ದಳು. ಬರೆದದ್ದು ಬರೆದ ಹಾಗೇ ಹೊರಬಂದದ್ದು 1956ರಲ್ಲಿ.

ಏಳು ವರ್ಷದಿಂದ ಪ್ರಾರ್ಥನೆಯ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದೇನೆ, ಅದಕ್ಕೆ ದುಃಖಪಡಬೇಕಿತ್ತು, ಪಡುತ್ತಿಲ್ಲ ಅಂತ ಬರೆಯುತ್ತಾಳೆ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ಅಪ್ಪ ಅಮ್ಮನಿಗೆ ಒಂದೇ ಪ್ರೀತಿ ಅನ್ನುತ್ತಾಳೆ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸಿಸ್ಟರ್ ಕೊಳೆ ನೀರನ್ನು ಮುಖಕ್ಕೆ ಸಿಡಿಸುತ್ತಿದ್ದಳಂತೆ. ಒರೆಸಿಕೊಂಡು ಹಿಂದೆ ಸರಿಯಬೇಕು ಅನಿಸಿದರೂ ಸರಿಯಲಿಲ್ಲ. ಇಷ್ಟು ಚಿಕ್ಕ ವಿಷಯ ಬರೆಯಬೇಕಾ ಅನಿಸುತ್ತದೆ. ಕೂಡು ಕುಟುಂಬದಲ್ಲಿ ಬಾಳಿದವರಿಗೆ ಮಾತ್ರ ಹಾಗೆ ಅನಿಸಲಿಕ್ಕಿಲ್ಲ. 1896ರ ಈಸ್ಟರ್ ಹೊತ್ತಿನಿಂದ ಸಾಯುವವರೆಗೆ ಆಕೆಗೆ ಸ್ವರ್ಗ ಇದೆ ಅನ್ನುವುದೇ ಅನುಮಾನವಾಯಿತು. ಎದುರಿಗೆ ಗೋಡೆ ಎದ್ದ ಹಾಗಿದೆ, ನಂಬಬೇಕು ಅಂದುಕೊಂಡದ್ದನ್ನೇ ಹಾಡುತ್ತಿದ್ದೇನೆ ಎಂಬ ಅರ್ಥದಲ್ಲಿ ಬರೆದಳು. ಪಟದ ಗುಲಾಬಿ ಜೊತೆ ಈ ಗೋಡೆಯನ್ನೂ ಓದಿ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು. "ನಾವು ಕ್ರೈಸ್ತರಲ್ಲಮ್ಮ. ನಂಬದೆ ಓದಿದರೆ ಏನು ಸಿಗುತ್ತೆ?"

ಚೆನ್ನಮಲ್ಲಿಕಾರ್ಜುನನನ್ನು ನಂಬದವರೂ ಅಕ್ಕನ ವಚನ ಓದಿ ಅತ್ತಿದ್ದಾರೆ ಸಾರ್. ಆದರೆ ಒಂದು ಎಚ್ಚರಿಕೆ. ನಮಗೆ ಅನುಕೂಲವಾಗಲಿ ಅಂತ ಯೇಸುವನ್ನು ಬರೀ ಸಂಕೇತ ಮಾಡಿಕೊಳ್ಳಬಾರದು. ಜೂಲಿಯನ್ ಕಂಡ ರಕ್ತ ರಕ್ತವೇ. ಜೋರು ಮಳೆ ಆದಮೇಲೆ ಸೂರಿನಿಂದ ಹನಿ ಬೀಳುವ ಹಾಗೆ ಹಣೆಯಿಂದ ಬೀಳುತ್ತಿತ್ತು ಅಂತ ಬರೆಯುತ್ತಾಳೆ. ಆ ಪುಟ ಹಾರಿಸಿ ಪ್ರೀತಿಯ ಪುಟಕ್ಕೆ ಬಂದರೆ ಮತ್ತೆ ಪೋಸ್ಟರೇ ಆಗುತ್ತದೆ.

ಶ್ರೀರಂಗಪಟ್ಟಣದಿಂದ ಬಂದಿದ್ದ ತರುಣರೊಬ್ಬರು ಅಬ್ಬೆ ದುಬ್ವಾ ಬಗ್ಗೆ ಕೇಳಿದರು. ಟಿಪ್ಪು ಸತ್ತ ಮೇಲೆ ಅಲ್ಲಿಗೆ ಬಂದು, 1823ರಲ್ಲಿ ಫ್ರಾನ್ಸಿಗೆ ವಾಪಸಾದ ಪಾದ್ರಿ. ನಾನು ಹೇಳಿದ ಬಗೆಯ ಪುಸ್ತಕದಿಂದ ಅವರ ಹೆಸರು ಉಳಿದಿಲ್ಲ. ನಮ್ಮ ಜನರ ಆಚಾರ ವಿಚಾರದ ಬಗ್ಗೆ ಬರೆದದ್ದರಲ್ಲಿ ಕಹಿಯೂ ಇದೆ. ಇಲ್ಲಿ ಮತಪ್ರಚಾರ ಫಲಿಸುವುದಿಲ್ಲ ಅಂತ ಕೈಚೆಲ್ಲಿ ಹೋದವರು. ಆದರೆ ಸಿಡುಬಿಗೆ ಲಸಿಕೆ ಹಾಕಿಸಲು ಈ ಸೀಮೆಯಲ್ಲಿ ಓಡಾಡಿದವರೂ ಅವರೇ. ಯೋಹಾನನ ಪತ್ರದ 3:18, ಬರೀ ಬಾಯಿಮಾತಲ್ಲದೆ ಕೆಲಸದಲ್ಲೂ ಪ್ರೀತಿ ತೋರಿಸಿ ಅನ್ನುತ್ತದೆ. ದುಬ್ವಾ ಅವರನ್ನು ಆ ವಚನದ ಪಕ್ಕದಲ್ಲಿಟ್ಟು ನೀವೇ ತೂಗಿ ನೋಡಿ ಅಂದೆ. ಅವರಿಗೆ ಉತ್ತರ ಸಾಲಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದು ಒಬ್ಬ ವಿದ್ಯಾರ್ಥಿನಿ. ದೊಡ್ಡ ಪುಸ್ತಕಕ್ಕೆ ಕೈ ಹಾಕಬೇಡಮ್ಮ. ಯೋಹಾನನ ಆ ಪತ್ರ ಕನ್ನಡದಲ್ಲೇ ಇದೆ, ಹೊಸ ಒಡಂಬಡಿಕೆಯ ಕೊನೆಯ ಕಡೆ ನೋಡು. ಒಂದೇ ಸಲಕ್ಕೆ ಕೂತು ಓದಿಬಿಡಬಹುದು. ಹೊರಟುಹೋದವರ ಮಾತು ಬಂದ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೋ. ಆಮೇಲೆ ಪ್ರೀತಿ ಅನ್ನುವ ಮಾತು ಬಂದಾಗಲೆಲ್ಲ ಆ ಗುರುತಿಗೆ ವಾಪಸ್ ಬಂದು ನೋಡು. ಅದಾದ ಮೇಲೆ ಲಾರೆನ್ಸ್, ಅದೂ ಚಿಕ್ಕ ಪುಸ್ತಕ. ಜೂಲಿಯನ್‌ಗೆ ಆತುರ ಬೇಡ.